ಮಳೆಗಾಲಕ್ಕೂ ಇರುವ ಮೇಷ್ಟ್ರು

ಮಸಿನಗುಡಿಯಿಂದ ಊಟಿಯ ಕಾಲೇಜಿಗೆ ಹೋಗಿಬರುವ ಹುಡುಗನ ಫುಟ್‌ಬಾಲ್ ಅಭ್ಯಾಸ ಎಷ್ಟು ಹೊತ್ತಿಗೆ ಮುಗಿಯಬೇಕೆಂದು ಗೊತ್ತುಮಾಡುವುದು ಬಸ್ಸು. ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನಿಳಿದು ಕತ್ತಲಾಗುವ ಮುಂಚೆ ಅವನು ಮನೆ ಸೇರಬೇಕು. ಕತ್ತಲಾದ ಮೇಲೆ ಆ ದಾರಿ ಆನೆಗಳದ್ದು. ಗೂಡಲೂರಿನ ಕಡೆ ಮಳೆಯದೇ ಮಾತು. ಜೂನ್ ಬಂತೆಂದರೆ ಮೈದಾನ ಕೆಸರುಗದ್ದೆ. ಒದ್ದ ಚೆಂಡು ನಾಲ್ಕು ಮಾರು ಹೋಗಿ ಕೂತುಬಿಡುತ್ತದೆ. ಊಟಿಯಲ್ಲಿ ಮಂಜು ಇಳಿದರೆ ಗೋಲ್‌ಕೀಪರಿಗೆ ಸೆಂಟರ್ ಲೈನ್ ಕಾಣುವುದಿಲ್ಲ. ಇಷ್ಟಿದ್ದರೂ ಆಟ ನಿಂತಿಲ್ಲ. ಬಡಗರ ಹಟ್ಟಿಗಳಲ್ಲಿ, ಟೀ ಎಸ್ಟೇಟಿನ ಲೈನ್ ಮನೆಗಳ ಪಕ್ಕದಲ್ಲಿ, ಎಲ್ಲಿ ಅಂಗೈಯಗಲ ಸಮತಟ್ಟು ನೆಲ ಸಿಕ್ಕರೂ ಅಲ್ಲಿ ಮಕ್ಕಳು ಚೆಂಡು ಒದೆಯುತ್ತಾರೆ. ಮಲಪ್ಪುರಂ ಕಡೆಯ ಸೆವೆನ್ಸ್, ಅಂದರೆ ಏಳೇಳು ಜನರ ಫುಟ್‌ಬಾಲ್ ಹುಚ್ಚು ನಾಡುಕಾಣಿ ಘಾಟಿ ಹತ್ತಿ ಗೂಡಲೂರಿಗೆ ಬಂದೂ ಬಹಳ ಕಾಲವಾಯಿತು.

ಕೆಲವು ವರ್ಷಗಳ ಹಿಂದೆ ಈ ನೀಲಗಿರಿ ಜಿಲ್ಲೆಯ ಒಂದು ಕಾಲೇಜಿನ ಮೈದಾನದಂಚಿನಲ್ಲಿ ನಿಂತು ನಾನು ಕಂಡದ್ದು ಈ ಬರಹಕ್ಕೆ ಕಾರಣ. ದೊಡ್ಡ ಕ್ಲಬ್ಬುಗಳಿಗೆ ಆಡಿ ಹೆಸರಾದ ಒಬ್ಬರನ್ನು ಹತ್ತು ದಿನದ ಶಿಬಿರಕ್ಕೆ ಕರೆಸಿದ್ದರು. ಗೇಟಿನ ಮೇಲೆ ಅವರ ಫ್ಲೆಕ್ಸ್ ಇತ್ತು. ಬಂದವರು ನಿಜಕ್ಕೂ ಬಲ್ಲವರು. ಎರಡನೆಯ ದಿನ ಒಬ್ಬ ಹುಡುಗ ಚೆಂಡು ಒದೆಯುವಾಗ ನೆಲದ ಮೇಲಿನ ಕಾಲನ್ನು ಎಲ್ಲಿ ಊರುತ್ತಾನೆಂದು ನೋಡಿ, ಒಂದು ಗೇಣು ಮುಂದಕ್ಕೆ ಇಡು ಎಂದರು. ಅಷ್ಟೇ ಹೇಳಿದ್ದು. ಅಲ್ಲಿಯವರೆಗೆ ಗೋಲಿನ ಮೇಲೆ ಹಾರಿಹೋಗುತ್ತಿದ್ದ ಚೆಂಡು ಬಲೆಗೆ ಬಿತ್ತು. ಹುಡುಗನ ಮುಖ ಅರಳಿದ್ದು ನನಗಿನ್ನೂ ನೆನಪಿದೆ. ಹತ್ತನೆಯ ದಿನ ಅವರು ಹೊರಟುಹೋದರು. ಎರಡು ತಿಂಗಳ ನಂತರ ಮತ್ತೆ ಅಲ್ಲಿಗೆ ಹೋದಾಗ ಆ ಹುಡುಗನ ಕಾಲು ಹಳೆಯ ಜಾಗಕ್ಕೇ ಮರಳಿತ್ತು, ಚೆಂಡು ಮತ್ತೆ ಆಕಾಶಕ್ಕೆ ಹೋಗುತ್ತಿತ್ತು. ಹೇಳುವವರಿಲ್ಲ. ಇದ್ದೊಬ್ಬ ದೈಹಿಕ ಶಿಕ್ಷಣದ ಮೇಷ್ಟ್ರು ಪರೀಕ್ಷೆ, ಸಮಾರಂಭ, ಹಾಜರಾತಿ ಎಂದು ಆಫೀಸಿನಲ್ಲೇ ಮುಳುಗಿದ್ದರು. ವರ್ಷಪೂರ್ತಿ ಚೆಂಡು, ಬಲೆ, ಬಸ್ ಚಾರ್ಜಿಗೆ ಕೊಡುತ್ತಿದ್ದ ಹಣಕ್ಕಿಂತ ಆ ಹತ್ತು ದಿನಕ್ಕೆ ಆದ ಖರ್ಚೇ ಹೆಚ್ಚೆಂದು ಅಲ್ಲಿನವರೊಬ್ಬರು ಹೇಳಿದರು.

ಹಾಗಾದರೆ ಕಾಲೇಜೊಂದು ದೊಡ್ಡ ಕೋಚ್‌ಗೆ ದೊಡ್ಡ ಹಣ ಕೊಡಬೇಕೆ? ಕೊಡಲಿ ಎನ್ನುವವನು ನಾನು. ಆದರೆ ಆ ಹಣದಿಂದ ಕಾಲೇಜು ಏನನ್ನು ಕೊಳ್ಳುತ್ತಿದೆ ಎಂಬುದು ಮೊದಲು ತಿಳಿಯಬೇಕು.

ಈ ಪ್ರಶ್ನೆ ತುಟ್ಟತುದಿ ಮುಟ್ಟಿರುವುದು ಅಮೆರಿಕದಲ್ಲಿ. ಅಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡಿನ ಬೇರೆಯೇ ಆಟ, ಆದರೆ ಪ್ರಶ್ನೆ ಒಂದೇ. ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಎಲ್ಲರಿಗಿಂತ ಹೆಚ್ಚು ಪಡೆಯುವಾತ ಗವರ್ನರನೂ ಅಲ್ಲ, ಕುಲಪತಿಯೂ ಅಲ್ಲ. ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. 2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಕೋಚ್ ಜಿಂಬೊ ಫಿಷರ್‌ರನ್ನು ತೆಗೆದುಹಾಕಿದಾಗ ಒಪ್ಪಂದದ ಪ್ರಕಾರ ಅವರಿಗೆ ಕೊಡಬೇಕಾಗಿ ಬಂದದ್ದು ಸುಮಾರು 7.6 ಕೋಟಿ ಡಾಲರ್. ನಮ್ಮ ಲೆಕ್ಕದಲ್ಲಿ ಆರುನೂರು ಕೋಟಿ ರೂಪಾಯಿಗೂ ಮೇಲೆ, ಅದೂ ಕೆಲಸ ಮಾಡದೆ ಇರುವುದಕ್ಕೆ. ಇನ್ನೊಂದು ಪಕ್ಷವೂ ಇದೆ. 2007ರಲ್ಲಿ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಬಂದ ನಿಕ್ ಸೇಬನ್ ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. ಅವರ ಕಾಲದಲ್ಲಿ ಆ ವಿಶ್ವವಿದ್ಯಾಲಯದ ಹೆಸರೂ ವಿದ್ಯಾರ್ಥಿಗಳ ಸಂಖ್ಯೆಯೂ ಏರಿದವು. ಕೊಟ್ಟದ್ದಕ್ಕಿಂತ ಹೆಚ್ಚು ಬಂತು ಎನ್ನುವವರ ಮಾತನ್ನು ತಳ್ಳಿಹಾಕಲಾಗದು.

ಟೀವಿ ಹಕ್ಕು, ಟಿಕೆಟ್ಟಿನ ಹಣ ಹರಿಯುವಲ್ಲಿ ಆ ಲೆಕ್ಕ ನಡೆದೀತು. ನಮ್ಮ ಅಂತರ ಕಾಲೇಜು ಪಂದ್ಯಗಳನ್ನು ಟಿಕೆಟ್ ಕೊಂಡು ನೋಡುವವರಿಲ್ಲ. ಆದರೂ ನನ್ನ ತಕರಾರು ಜಮಾಖರ್ಚಿನದಲ್ಲ. ಗೆಲುವು ಎಂಬ ವಸ್ತುವಿನ ಸ್ವಭಾವದ ಬಗ್ಗೆಯೇ ನನಗೆ ತಕರಾರಿದೆ. ಹತ್ತು ತಂಡಗಳಿದ್ದರೂ ಕಪ್ ಒಂದೇ. ಹತ್ತೂ ಕಾಲೇಜುಗಳು ಕೋಚ್‌ನ ಸಂಬಳವನ್ನು ಹತ್ತು ಪಟ್ಟು ಏರಿಸಿದರೂ ಕಪ್ ಎರಡಾಗುವುದಿಲ್ಲ. ಅಕ್ಕಪಕ್ಕದ ಬೀದಿಯ ಎರಡು ಗಣಪತಿ ಪೆಂಡಾಲಿನವರು ಪೈಪೋಟಿಯಲ್ಲಿ ಮೈಕಿನ ಸದ್ದು ಏರಿಸಿದಂತೆ ಅದು: ಎರಡೂ ಕಡೆ ಕರೆಂಟು ಸುಡುತ್ತದೆ, ಹಾಡು ಮಾತ್ರ ಯಾರಿಗೂ ಕೇಳುವುದಿಲ್ಲ. ಕಲಿಕೆಯ ಲೆಕ್ಕ ಹೀಗಲ್ಲ. ಗೂಡಲೂರಿನ ಹುಡುಗಿ ಎಡಗಾಲಲ್ಲಿ ಪಾಸ್ ಕೊಡುವುದನ್ನು ಕಲಿತರೆ ಕೂನೂರಿನ ಹುಡುಗಿಗೆ ಏನೂ ಕಡಿಮೆಯಾಗುವುದಿಲ್ಲ. ಬದಲಿಗೆ ಇವಳ ಎದುರು ಆಡಬೇಕಾಗಿ ಬಂದು ಅವಳೂ ಬೆಳೆಯುತ್ತಾಳೆ. ಒಬ್ಬರ ಗೆಲುವು ಇನ್ನೊಬ್ಬರ ಸೋಲಿನಿಂದ ಬರುತ್ತದೆ. ಒಬ್ಬರ ಕಲಿಕೆಗೆ ಯಾರ ನಷ್ಟವೂ ಬೇಕಿಲ್ಲ. ಸಾರ್ವಜನಿಕರ ಹಣದಲ್ಲೋ ಬಡವರ ಮಕ್ಕಳ ಫೀಜಿನಲ್ಲೋ ನಡೆಯುವ ಸಂಸ್ಥೆ ಎರಡನೆಯದಕ್ಕೆ ಖರ್ಚುಮಾಡಬೇಕು.

ಗೆಲ್ಲುವ ಹಟವಿಲ್ಲದೆ ಯಾರು ಕಲಿಯುತ್ತಾರೆ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಸೋತರೂ ಪರವಾಗಿಲ್ಲ ಎಂದು ಮೈದಾನಕ್ಕಿಳಿಯುವ ತಂಡ ಏನನ್ನೂ ಕಲಿಯುವುದಿಲ್ಲ. ಆಟಗಾರನ ಕಣ್ಣು ಗೆಲುವಿನ ಮೇಲೇ ಇರಬೇಕು. ಆದರೆ ಆಟಗಾರನ ಗುರಿಯೇ ಕಾಲೇಜಿನ ಗುರಿಯಾಗಬೇಕಿಲ್ಲ. ಪರೀಕ್ಷೆಗೆ ಕೂತ ಹುಡುಗಿಗೆ ಮೊದಲ ರ್‍ಯಾಂಕಿನ ಆಸೆ ಇರಲಿ, ಇರಬೇಕು. ಆದರೆ ವಿಶ್ವವಿದ್ಯಾಲಯ ಕಟ್ಟಿರುವುದು ವರ್ಷಕ್ಕೊಂದು ರ್‍ಯಾಂಕ್ ಹೊರಡಿಸಲೆಂದಲ್ಲ.

ಇನ್ನು ಕೋಚ್ ಏಕೆ ಬೇಕು, ಪ್ರತಿಭೆ ಬೀದಿಯಲ್ಲೇ ಹುಟ್ಟುತ್ತದೆ ಎನ್ನುವವರ ಮಾತು. ಬೆಂಗಳೂರಿನ ಹಲಸೂರು, ಗೌತಮಪುರದ ಓಣಿಗಳನ್ನು ಕಂಡವರಿಗೆ ಇದು ನಿಜವೆನಿಸುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ತಂಡ ಫ್ರಾನ್ಸನ್ನು ನಡುಗಿಸಿತು. ನಮ್ಮ ಕಡೆಯ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆದರೆ ಪಂದ್ಯವನ್ನು 1-2ರಿಂದ ಸೋತೆವು, ಸಿಕ್ಕಿದ್ದ ಎರಡು ಪೆನಾಲ್ಟಿಗಳನ್ನೂ ಕಳೆದುಕೊಂಡೆವು. ಓಣಿ ಕೊಡಬಹುದಾದದ್ದನ್ನೆಲ್ಲ ಕೊಟ್ಟಿತ್ತು. ಪಕ್ಕದಲ್ಲಿ ನಿಂತು ತಿದ್ದುವವರ ಕೊರತೆ ಅಲ್ಲಿ ಕಂಡಿತೆಂದು ನಾನು ತಿಳಿಯುತ್ತೇನೆ.

ತಿದ್ದುವವರು ಬಂದರು. ‘ಮೈದಾನ್’ ಸಿನಿಮಾ ಬಂದ ಮೇಲೆ ಸೈಯದ್ ಅಬ್ದುಲ್ ರಹೀಮ್ ಹೆಸರು ಹೊಸಬರಿಗೂ ಗೊತ್ತಾಗಿದೆ. ಮೂಲತಃ ಅವರು ಹೈದರಾಬಾದಿನ ಸ್ಕೂಲ್ ಮೇಷ್ಟ್ರು. ಎಡಗಾಲು ದುರ್ಬಲವಾಗಿದ್ದವರಿಗೆ ಎಡಗಾಲಲ್ಲೇ ಆಡುವ ಪಂದ್ಯ, ಚೆಂಡನ್ನು ತಾನೇ ಇಟ್ಟುಕೊಳ್ಳುವವರಿಗೆ ಡ್ರಿಬ್ಲಿಂಗ್ ಕೂಡದೆಂಬ ಪಂದ್ಯ, ಹೀಗೆ ತರಗತಿಯ ಬುದ್ಧಿಯನ್ನು ಮೈದಾನಕ್ಕೆ ತಂದವರು. 1950ರಿಂದ 54ರವರೆಗೆ ಅವರ ಹೈದರಾಬಾದ್ ಸಿಟಿ ಪೊಲೀಸ್ ತಂಡ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. 1951ರಲ್ಲಿ ಅವರೇ ಕೋಚ್ ಆಗಿದ್ದ ಭಾರತ ತಂಡಕ್ಕೆ ದೆಹಲಿ ಏಷ್ಯನ್ ಗೇಮ್ಸ್ ಚಿನ್ನ. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಎದುರು 1-10ರ ಸೋಲು. ಇಂದಾಗಿದ್ದರೆ ಆ ಸಂಜೆಯೇ ಕೋಚ್‌ನ ತಲೆದಂಡ. ರಹೀಮರ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಡುವೆ ಬೇರೆಯವರು ಹೊಣೆ ಹೊತ್ತದ್ದುಂಟು. ಆದರೂ ತಂಡದ ಬೆನ್ನೆಲುಬಾಗಿ ಅವರೇ ಉಳಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅದೇ ಭಾರತ ನಾಲ್ಕನೆಯ ಸ್ಥಾನಕ್ಕೆ ಏರಿತು, 1962ರಲ್ಲಿ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ ತಂದಿತು. ಮರುವರ್ಷ ಜೂನ್‌ನಲ್ಲಿ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. ಆ ಹತ್ತು ಗೋಲುಗಳ ಸೋಲನ್ನು ಪಾಠವಾಗಿ ಮಾಡಿದ್ದು ಕಾಲ. ಸೋತ ಮೇಲೂ ಅದೇ ಮೇಷ್ಟ್ರು ಮರಳಿ ಅದೇ ಮಕ್ಕಳ ಮುಂದೆ ನಿಲ್ಲುವುದಕ್ಕೆ ಬೇಕಾದ ಕಾಲ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಒಂದು ಉದಾಹರಣೆಯನ್ನು ಮುಚ್ಚಿಡಲಾರೆ. ಮಿಜೋರಾಮಿನ ಐಜ್ವಾಲ್ ಎಫ್‌ಸಿ, ನೀಲಗಿರಿಯಂಥದೇ ಗುಡ್ಡದೂರಿನ ತಂಡ, ಕೈಯಲ್ಲಿ ಹಣವಿಲ್ಲದ ತಂಡ. ಮುಂಬೈಯಲ್ಲಿ ಕೆಲಸ ಕಳೆದುಕೊಂಡಿದ್ದ ಕೋಚ್ ಖಾಲಿದ್ ಜಮೀಲ್ ಅಲ್ಲಿಗೆ ಬಂದ ಮೊದಲ ಋತುವಿನಲ್ಲೇ, 2016-17ರಲ್ಲಿ, ರಾಷ್ಟ್ರಮಟ್ಟದ ಐ-ಲೀಗ್ ಗೆದ್ದರು. ಗೆದ್ದು ಹೊರಟೂ ಹೋದರು. ಹೊರಗಿನಿಂದ ಬಂದ ಒಬ್ಬ ಒಂದೇ ವರ್ಷದಲ್ಲಿ ಮಾಡಿದ್ದಲ್ಲವೇ? ಹೌದು. ಆದರೆ ಆ ಊರು ಅವರಿಗಾಗಿ ಏನನ್ನು ಸಿದ್ಧಮಾಡಿಟ್ಟಿತ್ತು ಎಂಬುದನ್ನೂ ನೋಡಬೇಕು. 2012ರಿಂದ ಮಿಜೋರಾಮ್ ಪ್ರೀಮಿಯರ್ ಲೀಗ್ ನಡೆಯುತ್ತಿತ್ತು. 2014ರಲ್ಲಿ ಆ ರಾಜ್ಯ ಅಂತರ ರಾಜ್ಯ ಸಂತೋಷ್ ಟ್ರೋಫಿ ಗೆದ್ದಿತ್ತು. ಓಣಿ ಓಣಿಯಲ್ಲಿ ಹೆಸರಿಲ್ಲದ ಕೋಚ್‌ಗಳು ವರ್ಷಗಟ್ಟಲೆ ಉತ್ತು ಹದ ಮಾಡಿದ ನೆಲಕ್ಕೆ ಜಮೀಲ್ ಬೀಜ ಬಿತ್ತಿದರು. ಉಳದ ನೆಲಕ್ಕೆ ಬಿತ್ತಿದ್ದರೆ? ನಮ್ಮ ರಾಷ್ಟ್ರೀಯ ತಂಡವೇ ಉತ್ತರ. 2019ರಲ್ಲಿ ಬಂದ ಕ್ರೊಯೇಷ್ಯಾದ ಕೋಚ್ ಇಗೋರ್ ಸ್ಟಿಮ್ಯಾಕ್‌ರನ್ನು 2024ರ ಜೂನ್‌ನಲ್ಲಿ ತೆಗೆದುಹಾಕಿ, ಕೊನೆಗೆ ಫುಟ್‌ಬಾಲ್ ಫೆಡರೇಷನ್ 4 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಆ ಮೂರು ಕೋಟಿ ಚಿಲ್ಲರೆ ರೂಪಾಯಿಯಲ್ಲಿ ಎಷ್ಟು ತಾಲ್ಲೂಕುಗಳಿಗೆ ಎಷ್ಟು ವರ್ಷ ಕೋಚ್‌ಗಳನ್ನು ಇಡಬಹುದಿತ್ತೆಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬಂದದ್ದು ಗೂಡಲೂರಿನ ಒಬ್ಬ ತಾಯಿಯಿಂದ. ಟೀ ಎಲೆ ಕೀಳುವ ಕೆಲಸ ಅವರದು. ನನ್ನ ಮಾತನ್ನೆಲ್ಲ ಕೇಳಿ, ‘ದೊಡ್ಡೋರ ಮಕ್ಕಳಿಗೆ ದೊಡ್ಡ ಮೇಷ್ಟ್ರು, ನಮ್ಮ ಮಕ್ಕಳಿಗೆ ಸಿಕ್ಕಿದೋರು ಸಾಕು ಅಂತೀರಾ ಸಾರ್?’ ಎಂದರು. ನನಗೆ ಒಡನೆ ಮಾತು ಹೊರಡಲಿಲ್ಲ. ಸಾಕು ಎನ್ನುವುದಿಲ್ಲ ಅಮ್ಮ. ನಿಮ್ಮ ಮಗಳಿಗೆ ಶ್ರೇಷ್ಠರೇ ಬೇಕು. ಆದರೆ ಈ ಗುಡ್ಡದಲ್ಲಿ ಶ್ರೇಷ್ಠರು ಯಾರು? ಊಟಿಯ ಎತ್ತರ 2240 ಮೀಟರ್. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗ. ಅಲ್ಲಿ ಕಲಿತ ಮಕ್ಕಳು ಕೊಯಮತ್ತೂರಿನ ಬಿಸಿಲಿಗಿಳಿದರೆ ಚೆಂಡು ಹಾರುವ ರೀತಿ, ಬೆವರು ಹರಿಯುವ ರೀತಿ ಎರಡೂ ಬೇರೆ. ಯಾವ ಹುಡುಗ ಬೆಳಿಗ್ಗೆ ಬರೀ ಟೀ ಕುಡಿದು ಬಂದಿದ್ದಾನೆ, ಯಾವ ಹುಡುಗಿಯ ಮನೆಯಲ್ಲಿ ಆಟ ಬಿಡು ಎನ್ನುತ್ತಿದ್ದಾರೆ, ಯಾರ ಬಸ್ಸು ಎಷ್ಟು ಹೊತ್ತಿಗೆ, ಬಡಗ, ತಮಿಳು, ಮಲಯಾಳ, ಕನ್ನಡ ಬೆರೆತ ತಂಡದಲ್ಲಿ ಬೈಗುಳವನ್ನು ಯಾವ ಭಾಷೆಯಲ್ಲಿ ಬೈದರೆ ನೋವಾಗುವುದಿಲ್ಲ, ಇದನ್ನೆಲ್ಲ ಬಲ್ಲವರು ಬೇಕು. ಹತ್ತು ದಿನದಲ್ಲಿ ಇದು ಯಾರಿಗೂ ತಿಳಿಯುವುದಿಲ್ಲ, ಅವರೆಷ್ಟೇ ದೊಡ್ಡ ಆಟಗಾರರಾಗಿರಲಿ. ಶ್ರೇಷ್ಠತೆ ಆಟಗಾರನ ಮೈಯಲ್ಲಿರುವ ಆಸ್ತಿ, ಅದನ್ನು ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದು. ಕೋಚ್‌ನ ಶ್ರೇಷ್ಠತೆ ಹಾಗಲ್ಲ. ಅದು ಇಂಥ ಮಕ್ಕಳ ನಡುವೆ, ಇಂಥ ನೆಲದಲ್ಲಿ, ವರ್ಷಗಳಲ್ಲಿ ಹುಟ್ಟುವಂಥದು.

ಹಣ ಬೇಕಾಗುವುದು ಇಲ್ಲಿಯೇ. ಉಳಿದುಕೊಳ್ಳುವವರು ಅಗ್ಗಕ್ಕೆ ಸಿಗುತ್ತಾರೆಂದು ನಮ್ಮ ಕಾಲೇಜುಗಳು ತಪ್ಪು ತಿಳಿದಿವೆ. ತಿಂಗಳ ಗೌರವಧನ, ವರ್ಷದ ಕೊನೆಗೆ ನಮಸ್ಕಾರ ಎಂದರೆ ಯಾರೂ ಉಳಿಯುವುದಿಲ್ಲ, ಉಳಿಯಲೂ ಬಾರದು. ಔಷಧಶಾಸ್ತ್ರದ ವಿಷಯದಲ್ಲಿ ಹೀಗೆ ನಡೆದುಕೊಳ್ಳುತ್ತೇವೆಯೇ? ಮೈಸೂರಿನ ಜೆಎಸ್‌ಎಸ್‌ನವರು ಊಟಿಯಲ್ಲಿ 1980ರಿಂದ ಫಾರ್ಮಸಿ ಕಾಲೇಜು ನಡೆಸುತ್ತಿದ್ದಾರೆ. ಹೆಸರಾಂತ ಪ್ರಾಧ್ಯಾಪಕರನ್ನು ಹತ್ತು ದಿನ ಕರೆಸಿ, ಉಳಿದ ವರ್ಷ ಮಕ್ಕಳೇ ಓದಿಕೊಳ್ಳಲಿ ಎಂದಿದ್ದರೆ ಆ ಕಾಲೇಜು ಉಳಿಯುತ್ತಿತ್ತೆ? ಮದರಾಸಿನಲ್ಲಿ 1920ರಲ್ಲೇ ಹ್ಯಾರಿ ಕ್ರೋ ಬಕ್ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದರು, ಏಷ್ಯಾದಲ್ಲೇ ಮೊದಲನೆಯದೆಂಬ ಹೆಸರು ಅದಕ್ಕಿದೆ. ಆಟ ಕಲಿಸುವುದೂ ಓದಿ ಪಡೆಯಬೇಕಾದ ವಿದ್ಯೆ ಎಂದು ಒಪ್ಪಿ ನೂರು ವರ್ಷ ದಾಟಿದೆ. ಸಂಬಳದ ಪಟ್ಟಿಯಲ್ಲಿ ಮಾತ್ರ ಆ ಒಪ್ಪಿಗೆ ಇನ್ನೂ ಕಾಣುತ್ತಿಲ್ಲ.

ಊಟಿಯ ಸರ್ಕಾರಿ ಕಲಾ ಕಾಲೇಜು, ಗೂಡಲೂರಿನ ಕಾಲೇಜು, ಕೂನೂರಿನ ಪ್ರಾವಿಡೆನ್ಸ್ ಮಹಿಳಾ ಕಾಲೇಜು, ಕೇತಿಯ ಎಂಜಿನಿಯರಿಂಗ್ ಕಾಲೇಜು ಒಟ್ಟುಗೂಡಿದರೆ ಇಬ್ಬರು ಪೂರ್ಣಾವಧಿ ಕೋಚ್‌ಗಳನ್ನು (ಅವರಲ್ಲಿ ಒಬ್ಬರು ಮಹಿಳೆ) ಪ್ರಾಧ್ಯಾಪಕರ ಸಂಬಳದಲ್ಲಿ ಐದು ವರ್ಷಕ್ಕೆ ನೇಮಿಸಿಕೊಳ್ಳಬಹುದು. ಫೆಡರೇಷನ್ನಿನ ಡಿ ಲೈಸೆನ್ಸ್‌ನಿಂದ ಸಿ, ಬಿ, ಎ ವರೆಗೆ ಅವರನ್ನು ತಮ್ಮ ಖರ್ಚಿನಲ್ಲೇ ಓದಿಸಬಹುದು. ಇದು ಸಣ್ಣ ಹಣವಲ್ಲ. ಐದು ವರ್ಷದಲ್ಲಿ ಒಂದು ಕಪ್ಪೂ ಬಾರದೆ ಹೋಗಬಹುದು. ಆಗಲೂ ಆ ಹಣ ದಂಡವಾಯಿತೆಂದು ನಾನು ಹೇಳುವುದಿಲ್ಲ. ಹೆಸರಾಂತರನ್ನು ಕರೆಸುವುದು ಬೇಡವೆಂದೂ ಅಲ್ಲ. ಅವರು ಬಂದು ಹೇಳಿದ್ದನ್ನು ಮರುದಿನದಿಂದ ನೆನಪಿಸಲು ಒಬ್ಬರು ಇರುವಲ್ಲಿಗೆ ಅವರನ್ನು ಕರೆಸಲಿ.

ಓದುಗರೇ, ನಿಮ್ಮ ಮಕ್ಕಳು ಓದುವ ಕಾಲೇಜಿನಲ್ಲಿ ಮುಂದಿನ ಸಲ ಪೋಷಕರ ಸಭೆ ಕರೆದಾಗ ಎದ್ದುನಿಂತು ಒಂದು ಮಾತು ಕೇಳಿ: ಜುಲೈ ತಿಂಗಳ ಮಳೆಯಲ್ಲಿ ಮೈದಾನಕ್ಕೆ ಯಾರು ಬರುತ್ತಾರೆ, ಅವರಿಗೆ ಎಷ್ಟು ಕೊಡುತ್ತಿದ್ದೀರಿ?