ಇಂದಿನ ಧಮ್ಮಚಿಂತನೆ: ಹಳಿ ಕಿತ್ತ ಹಾದಿ



ನಮ್ಮ ಹೊಳೆಆಲೂರಿನ ಮೇಲೆ ಹಾಯುವ ಗದಗ–ಹೊಟಗಿ ರೈಲುಮಾರ್ಗ 1880ರ ದಶಕದ್ದು. ಆಗ ಮೀಟರ್ ಗೇಜ್, ಹಳಿಗಳ ನಡುವೆ 1,000 ಮಿ.ಮೀ. ಈಗ ಬ್ರಾಡ್ ಗೇಜ್, 1,676 ಮಿ.ಮೀ. ಬದಿಗೆ ನಡೆದು ಹೋದಾಗ ಹಳಿ ಕಿತ್ತ ಏರಿ, ಮುಳ್ಳುಕಂಟಿ ಮುಚ್ಚಿದ ಕಲ್ಲಿನ ಮೋರಿ ಕಂಡಿದ್ದೇನೆ.

ಇಂಥ ಹಳಿಗಳನ್ನು ಕಾದವರು ಗ್ಯಾಂಗ್‌ಮನ್‌ಗಳು. ಅಸ್ಪೃಶ್ಯನು ಗ್ಯಾಂಗ್‌ಮನ್ ಆಗಿಯೇ ಸವೆಯುತ್ತಾನೆ, ಪೋರ್ಟರನೂ ಆಗಲಾರ, ಏಕೆಂದರೆ ಪೋರ್ಟರ್ ಸ್ಟೇಷನ್ ಮಾಸ್ತರರ ಮನೆಗೆಲಸಕ್ಕೂ ಬೇಕು ಎಂಬುದನ್ನು ಬಾಬಾಸಾಹೇಬರು 1938ರ ಫೆಬ್ರುವರಿಯಲ್ಲಿ ಮನಮಾಡದ ರೈಲ್ವೆ ಕಾರ್ಮಿಕರ ಸಮ್ಮೇಳನದಲ್ಲಿ ಬಿಚ್ಚಿಟ್ಟರು.

ಅನಿಚ್ಚ ಎಂದರೆ ಎಲ್ಲ ತಾನೇ ಹೋಗುತ್ತದೆಂದು ಕೈಕಟ್ಟಿ ಕೂಡುವುದಲ್ಲ. ಕಾರಣದಿಂದ ಹುಟ್ಟಿದ್ದು ಕಾರಣ ಕಿತ್ತರೆ ಅಳಿಯುತ್ತದೆ. ಹಳಿ ಹಾಸಿದ್ದೂ ಮನುಷ್ಯರ ಕೈ, ಕಿತ್ತಿದ್ದೂ ಮನುಷ್ಯರ ಕೈ. ಜಾತಿಯೂ ಹಾಗೆಯೇ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ನಮ್ಮ ಗೇಜ್ ಬದಲಿಸಿದರು. 22 ಪ್ರತಿಜ್ಞೆ ಮಾಡಿದ ನಾವು ಹೆಣ್ಣು-ಗಂಡು ನೋಡುವಾಗ ಇನ್ನೂ ಒಳಜಾತಿ ಕೇಳಿದರೆ, ಬ್ರಾಡ್ ಗೇಜ್ ಗಾಡಿಯನ್ನು ಮೀಟರ್ ಗೇಜ್ ಹಳಿಗೆ ಇಳಿಸಿದಂತೆ. ಒಂದು ಮಾರೂ ಸಾಗದು.

ಇಂದಿನ ಅಭ್ಯಾಸ: ನಮ್ಮ ಮನೆಯಲ್ಲಿ ಕೀಳದೆ ಉಳಿದ ಹಳಿ ಯಾವುದು? ಒಂದನ್ನು ಗುರುತಿಸೋಣ, ಇಂದೇ ಕೀಳೋಣ.

ಭವತು ಸಬ್ಬ ಮಂಗಲಂ.