ತೊಟ್ಟಿಲಿನ ಮರವನ್ನು ಕಾಣದ ಮಕ್ಕಳು



ಅರಸನಾದ ಸೊಲೊಮೋನನ ಜ್ಞಾನವನ್ನು ವರ್ಣಿಸುವ ಶಾಸ್ತ್ರವು ಅವನ ನ್ಯಾಯತೀರ್ಪುಗಳನ್ನು ಮಾತ್ರ ಹೇಳಿ ಸುಮ್ಮನಾಗುವದಿಲ್ಲ. ಲೆಬನೋನಿನ ದೇವದಾರು ಮೊದಲುಗೊಂಡು ಗೋಡೆಯ ಸಂದಿನಲ್ಲಿ ಹುಟ್ಟುವ ಸಣ್ಣ ಗಿಡದ ವರೆಗೂ ಅವನು ಬಲ್ಲವನಾಗಿದ್ದನೆಂದು ಅರಸುಗಳ ಮೊದಲನೆಯ ಪುಸ್ತಕದಿಂದ ತಿಳಿಯುತ್ತೇವೆ. ಹಾಗಾದರೆ ಗಿಡಮರಗಳನ್ನು ಅರಿಯುವದೂ ಜ್ಞಾನದ ಒಂದು ಪಾಲೇ. ನಮ್ಮ ಮಕ್ಕಳಿಗೆ ಆ ಪಾಲು ದೊರಕಿದೆಯೋ?

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯ ಕೆಲವು ಮನೆಗಳಲ್ಲಿ ತವರಿನಿಂದ ಬಂದ ಕಲಘಟಗಿಯ ಬಣ್ಣದ ತೊಟ್ಟಿಲು ಇನ್ನೂ ತೂಗುತ್ತದೆ. ಅದು ಸಾಗುವಾನಿಯದು. ಅದಕ್ಕೆ ಮೆರುಗು ಕೊಡುವ ಅರಗಾದರೋ ಮುತ್ತುಗ, ಬಾರಿ ಮೊದಲಾದ ಗಿಡಗಳ ಟೊಂಗೆಗೆ ಅಂಟಿ ಬದುಕುವ ಅತಿ ಸಣ್ಣ ಹುಳದಿಂದ ಆದದ್ದು. ಆ ತೊಟ್ಟಿಲಿನಲ್ಲಿ ಮಲಗಿದ ಕೂಸು ಹತ್ತು ವರುಷದ ಹುಡುಗನಾದರೂ ಸಾಗುವಾನಿಯ ಮರವನ್ನು ಕಂಡಿಲ್ಲ.

ಇದಕ್ಕೆ ದೂರವೊಂದೇ ಕಾರಣವಲ್ಲ. ಉಪದೇಶಿಗಳಾದ ನಮ್ಮ ತಪ್ಪೂ ಉಂಟು. ದಸರೆಯಲ್ಲಿ ನೆರೆಯವರು ಬನ್ನೀಮರವನ್ನು ಪೂಜಿಸಿ ಅದರ ಎಲೆಯನ್ನು ಬಂಗಾರವೆಂದು ಹಂಚಿಕೊಳ್ಳುತ್ತಾರೆ. ಸೃಷ್ಟಿಗೆ ಅಡ್ಡಬೀಳದೆ ಸೃಷ್ಟಿಕರ್ತನಿಗೇ ಅಡ್ಡಬೀಳಬೇಕೆಂದು ನಾವು ಬೋಧಿಸಿದೆವು, ಅದು ಸರಿಯೇ. ಆದರೆ ಬನ್ನಿಯ ಬೇರು ಎಷ್ಟು ಆಳಕ್ಕಿಳಿಯುತ್ತದೆ, ಬರದಲ್ಲಿಯೂ ಅದು ಹೇಗೆ ಹಸುರಾಗಿ ನಿಂತು ಆಡುಗಳಿಗೆ ಮೇವಾಗುತ್ತದೆ ಎಂಬದನ್ನು ಒಂದು ದಿನವಾದರೂ ಹೇಳಲಿಲ್ಲ. ಪೂಜೆ ಬಿಡಿಸಿದ ನಾವು ಪರಿಚಯವನ್ನೂ ಬಿಡಿಸಿಬಿಟ್ಟೆವು. ನಮಗಿಂತ ಮುಂಚೆ ಬಂದ ಕಿಟ್ಟೆಲ್ ಪಾದ್ರಿಯವರು ಹಾಗೆ ಮಾಡಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟನ್ನು ತೆರೆದು ನೋಡಿರಿ. ನಮ್ಮ ಗಿಡಮರಗಳ ಕನ್ನಡ ಹೆಸರುಗಳಿಗೆ ಅಲ್ಲಿ ಎಷ್ಟು ಸ್ಥಳ ಸಿಕ್ಕಿದೆ!

ಆದಕಾರಣ ಹೋದ ದಸರೆಯ ರಜೆಯಲ್ಲಿ ನವಲಗುಂದದ ಕಡೆಯ ಮಕ್ಕಳನ್ನು ಕಲಘಟಗಿಯ ಅಡವಿಗೆ ಕರೆದುಕೊಂಡು ಹೋಗಬೇಕೆಂದು ನಿಶ್ಚಯಿಸಿದೆವು. ಅರಣ್ಯ ಇಲಾಖೆಯವರು «ಚಿಣ್ಣರ ವನ ದರ್ಶನ»ವೆಂಬ ಹೆಸರಿನಿಂದ ಶಾಲೆಯ ಮಕ್ಕಳಿಗೆ ಕಾಡು ತೋರಿಸಿದ್ದುಂಟು. ಸರಕಾರವು ಮಾಡಿದ್ದನ್ನು ಸಭೆಯು ಯಾಕೆ ಮಾಡಬಾರದು? ಆದರೆ ಕಲಘಟಗಿ ಸೀಮೆಯಿಂದ ಸೊಸೆಯಾಗಿ ಬಂದ ಒಬ್ಬ ತಾಯಿ ನಮ್ಮನ್ನು ತಡೆದಳು. “ಅಯ್ಯನವರ, ಕಟಗಿ ಹೊರಿ ಹೊತ್ತು ನಾ ಅಡವಿ ನೋಡೇನ್ರಿ. ನನ್ನ ಮಗಾ ಪುಸ್ತಕ ನೋಡ್ಲಿ ಅಂತ ಸಾಲಿಗೆ ಹಾಕೇನಿ. ನೀವು ಮತ್ತ ಅಡವಿಗೇ ಕರಕೊಂಡ ಹೊಂಟೀರೇನು?” ಅಂದಳು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನಮಗೆ ಉತ್ತರವೂ ಇರಲಿಲ್ಲ. ನೀನೂ ಬಾರಮ್ಮ ಅಂದೆವು. ಮಗನನ್ನು ಒಬ್ಬನನ್ನೇ ಕಳುಹಿಸಲು ಮನಸ್ಸಿಲ್ಲದೆ ಬಂದಳು.

ಅಡವಿಯಲ್ಲಿ ನಾವು ಬರೆದುಕೊಂಡು ಹೋಗಿದ್ದ ಪ್ರಸಂಗವನ್ನು ಓದತೊಡಗಿದೆವು. ಮಕ್ಕಳ ಕಣ್ಣುಗಳಾದರೋ ನಮ್ಮ ತಲೆಯ ಮೇಲಿನ ಟೊಂಗೆಯಲ್ಲಿದ್ದವು. ಅಲ್ಲಿ ಕೆಂಪಿರುವೆಗಳು ತಮ್ಮ ಮರಿಗಳ ಬಾಯಿಂದ ಬರುವ ನೂಲಿನಿಂದಲೇ ಹಸಿ ಎಲೆಗಳನ್ನು ಹೊಲಿದು ಗೂಡು ಕಟ್ಟುತ್ತಿದ್ದವು. ಸೋಮಾರಿಗೆ ಇರುವೆಯನ್ನು ಗುರುವಾಗಿ ತೋರಿಸುವ ಜ್ಞಾನೋಕ್ತಿಯ ಮೇಲೆ ನಾವು ಎಷ್ಟೋ ಸಾರೆ ಪ್ರಸಂಗ ಮಾಡಿದ್ದೇವೆ. ನಿಂತು ಇರುವೆಯನ್ನು ನೋಡಿದ್ದು ಅಂದೇ ಮೊದಲು. ಕರ್ತನು ಹಕ್ಕಿಗಳನ್ನೂ ಹೊಲದ ಹೂವುಗಳನ್ನೂ ತೋರಿಸಿ ಶಿಷ್ಯರಿಗೆ ಕಲಿಸಿದಾಗ ಆತನ ಕೈಯಲ್ಲಿ ಕಾಗದವಿರಲಿಲ್ಲ. ನಾವು ನಮ್ಮದನ್ನು ಮಡಚಿ ಇಟ್ಟೆವು.

ಆಗ ಆ ತಾಯಿಯು ತಾನಾಗಿ ಮುಂದೆ ನಡೆದಳು. ಮೊಸಳೆಯ ಬೆನ್ನಿನಂತೆ ಸೀಳಿದ ತೊಗಟೆಯುಳ್ಳದ್ದು ಮತ್ತಿ. ಕೆಲವು ಮತ್ತಿಗಳು ಬೇಸಿಗೆಯಲ್ಲಿ ಕಾಂಡದೊಳಗೆ ನೀರು ಹಿಡಿದಿರುತ್ತವೆ ಅಂದಳು. ಹಳೆಯ ಗಾಯದಲ್ಲಿ ರಕ್ತದಂಥ ಅಂಟು ಒಣಗಿ ನಿಂತ ಹೊನ್ನೆಯನ್ನು ತೋರಿಸಿದಳು. ಸಾಗುವಾನಿಯ ಒಂದೇ ಒಂದು ಚಿಗುರೆಲೆಯನ್ನು ಕಿತ್ತು ಮಗನ ಅಂಗೈಯಲ್ಲಿ ಉಜ್ಜಿದಳು, ಅಂಗೈ ಕೆಂಪಾಯಿತು. ಇದೇ ನಿನ್ನ ತೊಟ್ಟಿಲಿನ ಮರವೆಂದಾಗ ಹುಡುಗನು ತಲೆಯೆತ್ತಿ ತುದಿಯ ವರೆಗೂ ನೋಡಿದನು. ಹೊರೆ ಹೊತ್ತ ಆ ವರುಷಗಳಲ್ಲಿ ಆಕೆ ಎಷ್ಟು ಕಲಿತಿದ್ದಳೆಂಬದನ್ನು ನಾವಾಗಲಿ ಆಕೆಯಾಗಲಿ ಅದು ವರೆಗೆ ಎಣಿಸಿರಲಿಲ್ಲ.

ತಿರುಗಿ ಬರುವಾಗ ಆಕೆ, “ಅಯ್ಯನವರ, ಮುಂದಿನ ಸಾರೆ ಹುಡುಗೂರಿಗೆ ಪುಸ್ತಕ ತರಾಕ ಹೇಳ್ರಿ. ನಾ ಹೆಸರು ಹೇಳತೇನಿ, ಅವರು ಬರಕೊಳ್ಳಲಿ,” ಅಂದಳು.

ಬರುವ ದಸರೆಗೆ ಮಕ್ಕಳನ್ನು ಕಳುಹಿಸುವವರು ತಮ್ಮ ಸಭೆಯ ಹಿರಿಯರಿಗೆ ಹೆಸರು ಕೊಡಬೇಕು. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಸಂಗಡ ಇರುವರು. ಅರಣ್ಯ ಇಲಾಖೆಯವರ ಅಪ್ಪಣೆಯನ್ನು ಮೊದಲೇ ಪಡೆಯುವೆವು. ರೊಟ್ಟಿ, ನೀರು ಕಟ್ಟಿಕೊಂಡು ಬರತಕ್ಕದ್ದು; ಬರೆಯುವ ಪುಸ್ತಕವನ್ನು ಮರೆಯಬಾರದು.