ಪದಚ್ಯುತಿ ಮತ್ತು ವೈರಾಗ್ಯ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ, ಟ್ರೆಂಟ್ ನದಿಯ ಬಳಿಯ ಮರಳುಗಲ್ಲಿನ ಬಂಡೆಯಲ್ಲಿ ಕೊರೆದಿರುವ ‘ಆಂಕರ್ ಚರ್ಚ್’ ಗುಹೆಗಳು 18ನೆಯ ಶತಮಾನದ ಶ್ರೀಮಂತರ ವಿಲಾಸಕ್ಕಾಗಿ ಆದವು ಎಂದೇ ಬಹುಕಾಲ ಭಾವಿಸಲಾಗಿತ್ತು. ಸರ್ ರಾಬರ್ಟ್ ಬರ್ಡೆಟ್ ಎಂಬಾತ ಅಲ್ಲಿ ಗೆಳೆಯರೊಡನೆ ಔತಣ ನಡೆಸುತ್ತಿದ್ದುದೂ ನಿಜ. ಆದರೆ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವುಗಳ ಇಕ್ಕಟ್ಟಾದ ಬಾಗಿಲು-ಕಿಟಕಿಗಳನ್ನು ಸ್ಯಾಕ್ಸನ್ ವಾಸ್ತುವಿನೊಡನೆಯೂ, ಬಂಡೆಯಲ್ಲೇ ಉಳಿಸಿ ಕಡೆದ ಕಂಬವನ್ನು ನೆರೆಯ ರೆಪ್ಟನ್ ಚರ್ಚಿನ ನೆಲಮಾಳಿಗೆಯೊಡನೆಯೂ ಹೋಲಿಸಿ, ಮೂರು ಕೋಣೆಗಳೂ ಪೂರ್ವಾಭಿಮುಖವಾದ ಪ್ರಾರ್ಥನಾಗೃಹವೂ ಉಳ್ಳ ಈ ನೆಲೆ 9ನೆಯ ಶತಮಾನದ ಆರಂಭದ್ದಿರಬಹುದೆಂದು ವಾದಿಸಿತು.

ಟ್ರೆಂಟ್‌ಗೆ ಅನತಿ ದೂರದ ಬಂಡೆಯಲ್ಲಿ ಹಾರ್ಡುಲ್ಫ್ ಎಂಬ ಸಂತನ ಕುಟೀರವಿತ್ತೆಂದು 16ನೆಯ ಶತಮಾನದ ಪುಸ್ತಕವೊಂದರ ತುಣುಕು ಹೇಳುತ್ತದೆ. ಆ ಸಂತನು 806ರಲ್ಲಿ ಪದಚ್ಯುತನಾದ ನಾರ್ತಂಬ್ರಿಯದ ಅರಸ ಎರ್ಡ್‌ವುಲ್ಫ್ ಎಂಬುದು ವಿದ್ವಾಂಸರ ಅಭಿಪ್ರಾಯ. ಫ್ರಾಂಕರ ರಾಜವೃತ್ತಾಂತದ ಪ್ರಕಾರ ಈ ಅರಸನು ಷಾರ್ಲಮೇನ್ ಚಕ್ರವರ್ತಿಯಲ್ಲಿಗೂ ರೋಮಿಗೂ ಹೋಗಿ ಮೊರೆಯಿಟ್ಟು, ಅವರ ದೂತರ ಬೆಂಬಲದಿಂದ ಸ್ವರಾಜ್ಯಕ್ಕೆ ಮರಳಿದನು. ಹೀಗೆ ರಾಜ್ಯವನ್ನು ತಾನು ಬಿಡದೆ, ರಾಜ್ಯವೇ ಒಮ್ಮೆ ಬಿಟ್ಟವನ ಗುಹಾವಾಸವನ್ನು ವೈರಾಗ್ಯವೆನ್ನಬಹುದೆ?

ಪಾಶ್ಚಾತ್ಯ ಮಠಜೀವನಕ್ಕೆ ಬುನಾದಿಯಾದ 6ನೆಯ ಶತಮಾನದ ಕಟ್ಟಳೆ, ಅಂದರೆ ಬೆನೆಡಿಕ್ಟನ ನಿಯಮ, ಈ ಬಗೆಯ ವಿರಕ್ತಿಯನ್ನು ಸಂಶಯದಿಂದಲೇ ಕಾಣುತ್ತದೆ: ಏಕಾಂತವಾಸಿಯು ಹೊಸ ಉತ್ಸಾಹದ ಭರದಲ್ಲಿ ಹೊರಟವನಾಗಿರದೆ, ಮಠದ ಸಹವಾಸದಲ್ಲಿ ದೀರ್ಘಕಾಲ ಪಳಗಿದವನಾಗಿರಬೇಕು. ಯೋಧನಾಗಿದ್ದ ಗುತ್ಲಾಕನು ರೆಪ್ಟನ್ ಮಠದಲ್ಲಿ ಎರಡು ವರ್ಷ ಕಳೆದ ಬಳಿಕವೇ ಕ್ರೋಲೆಂಡಿನ ಜೌಗುನೆಲಕ್ಕೆ ಹೋದನಾದರೂ, ಅಲ್ಲಿಗೂ ದೇಶಭ್ರಷ್ಟ ರಾಜವಂಶೀಯ ಈಥಲ್ಬಾಲ್ಡ್ ಸಲಹೆ ಬೇಡಿ ಬರುತ್ತಿದ್ದನು, ಮತ್ತು 716ರಲ್ಲಿ ಮರ್ಸಿಯದ ಅರಸನಾದನು. ಅರಮನೆಯ ಗದ್ದಲ ವಿರಕ್ತನ ಬಾಗಿಲಿಗೆ ಬರುವುದು ಅಲ್ಲಿ ವಿಶೇಷವೇನಾಗಿರಲಿಲ್ಲ.

ಹಾಗಿದ್ದಲ್ಲಿ ಏಕಾಂತವೆಂದರೆ ಜನರಿಲ್ಲದಿರುವುದಲ್ಲ. 687ರಲ್ಲಿ ತೀರಿಕೊಂಡ ಸಂತ ಕತ್ಬರ್ಟನು ಫಾರ್ನ್ ದ್ವೀಪದಲ್ಲಿ ಕಟ್ಟಿಕೊಂಡ ನೆಲೆಯನ್ನು ಇತಿಹಾಸಕಾರ ಬೀಡ್ ವರ್ಣಿಸುವ ರೀತಿ ಇದನ್ನು ಚೆನ್ನಾಗಿ ತೋರಿಸುತ್ತದೆ: ಗೋಡೆ ಹೊರಗಿನಿಂದ ಆಳೆತ್ತರಕ್ಕಿಂತ ತುಸು ಹೆಚ್ಚು, ಒಳಗೆ ಬಂಡೆಯನ್ನೇ ಕಡಿದು ನೆಲವನ್ನು ತಗ್ಗಿಸಿದ್ದರಿಂದ ಇನ್ನಷ್ಟು ಎತ್ತರ, ಹೀಗಾಗಿ ಕಣ್ಣಿಗೆ ಆಕಾಶದ ಹೊರತು ಬೇರೇನೂ ಬೀಳುತ್ತಿರಲಿಲ್ಲ. ಅದೇ ಕತ್ಬರ್ಟನು ದೋಣಿ ತಂಗುವ ಕಡೆ ಅತಿಥಿಗಳಿಗೆಂದು ಮನೆಯನ್ನೂ ಕಟ್ಟಿಸಿದ್ದನು. ಬಂಡೆಯನ್ನು ಕಡಿದದ್ದು ಬರುವವರನ್ನು ತಡೆಯಲೆಂದಲ್ಲ, ತನ್ನ ನೋಟವನ್ನು ಕಟ್ಟಿಹಾಕಲೆಂದು.

ಈ ಅಳತೆಗೋಲಿನಲ್ಲಿ ನೋಡಿದರೆ, ಗುಹೆ ಸೇರಲು ಕಾರಣವಾದದ್ದು ಸೋಲೋ ಸಂಕಲ್ಪವೋ ಎಂಬುದಕ್ಕಿಂತ ಸೇರಿದ ಮೇಲಿನ ಬಾಳು ಮುಖ್ಯವಾಗುತ್ತದೆ. ಪೆಟ್ಟು ತಿಂದವನ ಸ್ಮಶಾನವೈರಾಗ್ಯವೂ ದಿನದಿನದ ಶಿಸ್ತಿನಿಂದ ನಿಜವಾದ ವಿರಕ್ತಿಯಾಗಿ ಮಾಗಬಲ್ಲದು, ಸ್ವಇಚ್ಛೆಯಿಂದ ಬಂದವನ ಸಂಕಲ್ಪವೂ ಸಡಿಲಾಗಬಲ್ಲದು. ಹಾರ್ಡುಲ್ಫನನ್ನು ಸಂತನೆಂದು ಪೂಜಿಸಿದ ಜನ ಅವನು ಬಂದ ದಾರಿಯನ್ನು ಹಿಡಿದು ತಕರಾರು ಮಾಡಲಿಲ್ಲ. ಸಮೀಪದ ಬ್ರೀಡನ್ ಬೆಟ್ಟದ ಮೇಲಿನ ಚರ್ಚಿಗೆ ಇಂದಿಗೂ ಮೇರಿಮಾತೆಯ ಹೆಸರಿನೊಡನೆ ಅವನ ಹೆಸರೂ ಇದೆ.